ಚಾಸಿಗೆ ತಾಗುತ್ತಿದ್ದ ಗೇರ್ ಲಿವರ್: ನನ್ನ ಅನುಭವ

ನನ್ನ ಗಾಡಿಯ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ತೆಗೆದು ಮ್ಯಾನುಯಲ್ ಗೇರ್‌ಬಾಕ್ಸ್ ಕೂರಿಸಿದ ಮೇಲೆ, ಎರಡನೆಯ ಅಥವಾ ನಾಲ್ಕನೆಯ ಗೇರ್‌ಗೆ ಎಳೆದಾಗಲೆಲ್ಲ ಲಿವರ್‌ನ ಬುಡ ಹಿಂದಿನ ಕ್ರಾಸ್ ಮೆಂಬರಿಗೆ (ಚಾಸಿಯ, ಅಂದರೆ ಗಾಡಿಯ ಅಡಿಯ ಚೌಕಟ್ಟಿನ, ಅಡ್ಡ ತೊಲೆಗೆ) ತಾಗಿ, ಗೇರ್ ಪೂರ್ತಿ ಬೀಳದೆ ನ್ಯೂಟ್ರಲ್‌ಗೆ ಜಾರುತ್ತಿತ್ತು. ಲಿವರನ್ನೇ ಬಗ್ಗಿಸಿದರಾಯಿತೆಂದು ಮೊದಲು ತೋರಿತಾದರೂ, ತಾಗುತ್ತಿದ್ದುದು ಬುಡವೇ ಆದ್ದರಿಂದ ಅದು ಪ್ರಯೋಜನಕ್ಕೆ ಬರಲಿಲ್ಲ.

ಕ್ರಾಸ್ ಮೆಂಬರ್ ಚಾಸಿಯ ಎರಡು ಉದ್ದ ತೊಲೆಗಳು ತಿರುಚಿಕೊಳ್ಳದಂತೆ ಹಿಡಿದಿಡುವ ಭಾಗವಾದ್ದರಿಂದ ಅದನ್ನು ಸುಮ್ಮನೆ ಕತ್ತರಿಸಿ ಬಿಡುವಂತಿರಲಿಲ್ಲ. ರಿವರ್ಸ್ ಸೇರಿ ಎಲ್ಲ ಗೇರ್‌ಗಳಿಗೂ ಲಿವರ್ ಆಡಿಸಿ, ಅದು ಸಾಗುವ ಹಾದಿಯನ್ನು ಸೀಮೆಸುಣ್ಣದಿಂದ ಗುರುತಿಸಿ, ಎಂಜಿನ್ ತನ್ನ ರಬ್ಬರ್ ಮೌಂಟ್‌ಗಳ ಮೇಲೆ ಅಲುಗಾಡುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡು 20 ಮಿ.ಮೀ. ಹೆಚ್ಚುವರಿ ಜಾಗ ಸಿಗುವಂತೆ ಅರ್ಧಚಂದ್ರಾಕಾರದಲ್ಲಿ ಕತ್ತರಿಸಿದೆ. ಚೂಪಾದ ಮೂಲೆ ಉಳಿದರೆ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ.

ಕತ್ತರಿಸಿದ ಅಂಚಿಗೆ ಕ್ರಾಸ್ ಮೆಂಬರಿನಷ್ಟೇ ದಪ್ಪದ, ಅಂದರೆ 4 ಮಿ.ಮೀ.ನ, ಉಕ್ಕಿನ ಪಟ್ಟಿಯನ್ನು ಬಾಗಿಸಿ ಬೆಸೆದು, ಕೆಳಗಡೆ ಇನ್ನೊಂದು ಪಟ್ಟಿಯಿಂದ ಬಲಪಡಿಸಿದೆ. ಒಂದೇ ಉಸಿರಿಗೆ ಉದ್ದಕ್ಕೆ ಬೆಸೆದರೆ ಶಾಖಕ್ಕೆ ಲೋಹ ಸೊಟ್ಟಗಾಗುವುದರಿಂದ, ಜಾಗ ಬದಲಿಸುತ್ತ ಸ್ವಲ್ಪಸ್ವಲ್ಪವೇ ಬೆಸೆಯಬೇಕಾಯಿತು. ಅದಕ್ಕೂ ಮುನ್ನ ಬ್ಯಾಟರಿಯ ತಂತಿಗಳನ್ನು ಕಳಚಿ, ಹತ್ತಿರದ ಇಂಧನದ ಕೊಳವೆಯನ್ನು ಬಿಚ್ಚಿ ದೂರ ಸರಿಸಿದ್ದೆ.

ಈಗ ಎಲ್ಲ ಗೇರ್‌ಗಳೂ ಪೂರ್ತಿ ಬೀಳುತ್ತಿವೆ. ಏರಿನಲ್ಲಿ ಎಂಜಿನ್ ಒದ್ದಾಡಿದಾಗಲೂ ಲಿವರ್ ಎಲ್ಲಿಯೂ ತಾಗುತ್ತಿಲ್ಲ.