ಉತ್ತರವನ್ನು ಒಗಟಿನ ಚಿತ್ರದಲ್ಲೇ ಅಡಗಿಸಿದೆ

ಒಗಟಿನ ಪುಸ್ತಕವೆಂದರೆ ಉತ್ತರಗಳು ಕೊನೆಯ ಪುಟಗಳಲ್ಲಿರಬೇಕು ಎಂದು ಎಲ್ಲರೂ ಹೇಳಿದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಒಂದು ಉತ್ತರ ಹುಡುಕಲು ಹೋದವನ ಕಣ್ಣಿಗೆ ಪಕ್ಕದ ನಾಲ್ಕು ಉತ್ತರಗಳೂ ಬೀಳುತ್ತವೆ. ಆದ್ದರಿಂದ ಪ್ರತಿ ಚಿತ್ರದೊಳಗೇ ತಿಳಿನೀಲಿ ಅಕ್ಷರದಲ್ಲಿ ಉತ್ತರ ಬರೆದು, ಮೇಲೆ ಕೆಂಪು ಗೆರೆಗಳ ಬಲೆ ಹರಡಿ, ಕೆಂಪು ಫಿಲ್ಮ್ ಇಟ್ಟಾಗ ಮಾತ್ರ ಓದುವಂತೆ ಮಾಡಲು ಹೊರಟೆ. ಫಿಲ್ಮ್‌ನಡಿ ಬಲೆಯೂ ಬಿಳಿ ಕಾಗದವೂ ಒಂದಾಗಿಬಿಡುತ್ತವೆ, ನೀಲಿ ಕಪ್ಪಾಗಿ ಏಳುತ್ತದೆ. ಪ್ಲೇಟ್‌ಗಳಿಂದ ಶಾಯಿ ದಾಟಿಸುವ ಆಫ್‌ಸೆಟ್ ಮುದ್ರಣದಲ್ಲಿ ಇದು ನಿಲ್ಲುವುದಿಲ್ಲ ಎಂದು ಮುದ್ರಕರು ಕೈಯಾಡಿಸಿದರು.

ಮೊದಲ ಸಲ ಅವರ ಮಾತೇ ನಿಜವಾಯಿತು. ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ತೆಗೆದ ಮಾದರಿ ಹಾಳೆ ಸೊಗಸಾಗಿತ್ತು. ಅದನ್ನು ನಂಬಿ ಲೇಪನವಿಲ್ಲದ ದಪ್ಪ ಕಾಗದದಲ್ಲಿ ಎರಡು ಫಾರ್ಮ್ (ಒಂದೇ ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳ ಗುಂಪು) ಮುದ್ರಿಸಿಬಿಟ್ಟೆ. ಕಾಗದ ಶಾಯಿ ಕುಡಿಯಿತು, ಬಣ್ಣ ಮೂಡಿಸುವ ಸಣ್ಣ ಚುಕ್ಕಿಗಳು ಊದಿಕೊಂಡವು, ಅಕ್ಷರಕ್ಕೆ ಬಳಸಿದ ಸಯಾನ್ ಎಂಬ ನೀಲಿ ಶಾಯಿ ಶೇಕಡಾ 30ರಷ್ಟು ತೆಳುವಾಗಿರಬೇಕಿದ್ದದ್ದು 45ರಂತೆ ಕಂಡಿತು. ಉತ್ತರಗಳು ಬರಿಗಣ್ಣಿಗೇ ಕಾಣುತ್ತಿದ್ದವು. ಕೂಡಿಟ್ಟ ಹಣದ ಮೂರರಲ್ಲಿ ಒಂದು ಪಾಲು ಅಲ್ಲಿಗೆ ಹೋಯಿತು. ಕಾಗದವೇ ಹೆಚ್ಚು ತಿಂದಿತು, ಪ್ಲೇಟ್‌ಗಳದ್ದು ಅದರ ಮುಂದೆ ಚಿಲ್ಲರೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಡುವೆ ಬಿಸಿಗೆ ಮಾಯವಾಗುವ ಶಾಯಿಯನ್ನೂ ಪರೀಕ್ಷಿಸಿದೆ. ಬೆರಳಿನಿಂದ ಉಜ್ಜಿದರೆ ಬಣ್ಣ ಹೋಗಿ ಅಡಿಯ ಉತ್ತರ ಕಾಣುತ್ತದೆ, ತಣಿದರೆ ಮತ್ತೆ ಮುಚ್ಚುತ್ತದೆ. ನೋಡಲು ಬಹಳ ಚೆಂದ. ಆದರೆ ಕಿಟಕಿಯ ಬಿಸಿಲಿನಲ್ಲಿ ಸುಮಾರು ಮೂರು ವಾರ ಇಟ್ಟ ಹಾಳೆಯಲ್ಲಿ ಬಣ್ಣ ಸತ್ತೇ ಹೋಗಿತ್ತು. ಬಿಟ್ಟೆ.

ಕೊನೆಗೆ ಕೈಹಿಡಿದದ್ದು ಲೇಪನವಿರುವ ಮ್ಯಾಟ್ ಕಾಗದ ಮತ್ತು ಶೇಕಡಾ 20ರ ಆಸುಪಾಸಿನ ಸಯಾನ್. ಬಲೆಯ ಗೆರೆಗಳನ್ನು ನಾನು ಹೆಣೆದ ರೀತಿಯೇ ಇದರ ಜೀವ. ಅದನ್ನು ಇಲ್ಲಿ ಬಿಡಿಸುವುದಿಲ್ಲ. ಬಲೆಯ ಕೆಂಪಿಗೆ ಮೆಜೆಂಟಾ ಎಂಬ ನೇರಳೆಗೆಂಪು ಶಾಯಿ, ಹಳದಿ ಎರಡೂ ಬೇಕು, ಅವು ಒಂದರ ಮೇಲೊಂದು ಕೂರದೆ ಕೂದಲಷ್ಟು ಸರಿದರೂ ಅಕ್ಷರ ಇಣುಕುತ್ತದೆ ಎಂದಷ್ಟೇ ಹೇಳಬಲ್ಲೆ.

ಒಗಟುಗಳೂ ಕಡಿಮೆ ಕಾಡಲಿಲ್ಲ. ಸುಮಾರು 140 ಬರೆದೆ, ಉಳಿದದ್ದು 64. ‘ಲೋಹ ನಾನು, ಆದರೂ ಹರಿಯುವೆ’ ಎಂದು ಪಾದರಸಕ್ಕೆ ಬರೆದಿದ್ದೆ. ಪರೀಕ್ಷಿಸಲು ಕೂರಿಸಿದ್ದ ಹುಡುಗಿಯೊಬ್ಬಳು ‘ಗ್ಯಾಲಿಯಂ’ ಎಂದು ಬರೆದುಕೊಟ್ಟಳು. ಅದು 30 ಡಿಗ್ರಿ ಮುಟ್ಟುವ ಮೊದಲೇ ಕರಗುತ್ತದೆ, ಆಕೆಯ ಉತ್ತರ ತಪ್ಪೆನ್ನುವಂತಿರಲಿಲ್ಲ. ‘ಕಬ್ಬಿಣವನ್ನೂ ತೇಲಿಸುವೆ’ ಎಂಬ ಸಾಲು ಸೇರಿಸಿದೆ. ದ್ರವ ಗ್ಯಾಲಿಯಂನಲ್ಲಿ ಕಬ್ಬಿಣ ಮುಳುಗುತ್ತದೆ. ಚಿತ್ರದಲ್ಲೂ ಒಂದು ಮೊಳೆ ತೇಲಿಬಂತು, ಉತ್ತರ ಅದರ ನೆರಳಿನಲ್ಲಿ ಅಡಗಿತು. ನನಗೆ ಅತ್ಯಂತ ಹೆಮ್ಮೆಯ ಪುಟ ಅದು.

ಶುಕ್ರನಿಗೆ ‘ವರ್ಷಕ್ಕಿಂತ ದಿನ ದೊಡ್ಡದು’ ಎಂದಿದ್ದೆ. ಅಲ್ಲಿ ಸೂರ್ಯೋದಯದಿಂದ ಸೂರ್ಯೋದಯಕ್ಕೆ ಸುಮಾರು 117 ಭೂದಿನ, ವರ್ಷಕ್ಕೆ 225 ಎಂದು ಇನ್ನೊಬ್ಬರು ಹಿಡಿದರು. ‘ನನ್ನ ಸುತ್ತ ನಾನು ಒಮ್ಮೆ ತಿರುಗುವ ಮೊದಲೇ ಸೂರ್ಯನನ್ನು ಸುತ್ತಿ ಬಂದಿರುವೆ’ ಎಂದು ತಿದ್ದಿದೆ. ಒಮ್ಮೆ ತಿರುಗಲು 243 ದಿನ ಬೇಕು, ಈಗ ಯಾರೂ ಕೊಕ್ಕೆ ಹಾಕಲಾರರು.

ಮುದ್ರಕರು ಕೊನೆಯ ಫಾರ್ಮ್ ಹೊರಬಂದಾಗ ತಾವೇ ಫಿಲ್ಮ್ ಹಿಡಿದು ಹತ್ತಾರು ಹಾಳೆ ಓದಿದರು. ಫಿಲ್ಮನ್ನು ಹಿಂಬದಿಯ ರಕ್ಷಾಪುಟದ ಲಕೋಟೆಯಲ್ಲಿ ಇಟ್ಟಿದ್ದೇನೆ. ಕೆಲವರು ಅದನ್ನು ಕಳೆದುಕೊಂಡು ಪತ್ರ ಬರೆಯುತ್ತಿದ್ದಾರೆ. ಮುಂದಿನ ಮುದ್ರಣದಲ್ಲಿ ಅದಕ್ಕೆ ತೂತು ಹಾಕಿ, ಪುಟಗುರುತಿನ ದಾರಕ್ಕೇ ಕಟ್ಟುತ್ತೇನೆ.