ಬೆಸ ವರ್ಷದ ಬ್ಯಾಲೆಟ್‌ಗೆ ನಮ್ಮವರನ್ನು ಕೂರಿಸಿದ್ದು ಹೀಗೆ

ನಾನಿರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ), ಸಿಯಾಟಲ್‌ಗೆ ಎದುರಿನ ಲೇಕ್ ವಾಷಿಂಗ್ಟನ್ ದಡದಲ್ಲಿ. ಸುತ್ತಮುತ್ತ ಕನ್ನಡದ ಮನೆಗಳು ತುಂಬ ಇವೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ನಲವತ್ತು ಮನೆ ಇರಬಹುದು, ಸಿಟಿಜನ್ ಆದ ಮತದಾರರು ಅರವತ್ತರಿಂದ ಎಪ್ಪತ್ತು. ಬೆಸ ವರ್ಷಗಳಲ್ಲಿ ಇಲ್ಲಿ ಅಧ್ಯಕ್ಷರ ಚುನಾವಣೆ ಇರುವುದಿಲ್ಲ, ನಗರ, ಶಾಲೆಯಂಥ ಸ್ಥಳೀಯ ಸ್ಥಾನಗಳಿಗೆ ಚುನಾವಣೆ ನಡೆಯುತ್ತದೆ. 2021ರ ನವೆಂಬರ್‌ನಲ್ಲಿ ಇವರಲ್ಲಿ ನಾಲ್ಕನೇ ಒಂದು ಪಾಲೂ ಬ್ಯಾಲೆಟ್ (ಮತಪತ್ರ) ಹಾಕಿರಲಿಲ್ಲ. 2025ರ ನವೆಂಬರ್‌ನಲ್ಲಿ ಮುಕ್ಕಾಲು ಪಾಲು ದಾಟಿತು. 2023ರಲ್ಲಿ ಇಡೀ ರಾಜ್ಯದ ಮತದಾನವೇ ಶೇಕಡಾ 36ರ ಆಸುಪಾಸು ಇತ್ತು ಎಂದು ನೆನಪಿಟ್ಟುಕೊಂಡರೆ ಇದು ಎಷ್ಟು ದೊಡ್ಡದು ಎಂದು ತಿಳಿಯುತ್ತದೆ. "ಪ್ರೆಸಿಡೆಂಟ್ ಎಲೆಕ್ಷನ್ ಇಲ್ಲದ ವರ್ಷ ನಮ್ಮೋರು ಲಕೋಟೆ ಕೂಡ ಒಡೆಯಲ್ಲ, ಸುಮ್ನೆ ಬಿಡಿ ಅಣ್ಣ" ಎಂದವರೇ ಈಗ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಮತಗಟ್ಟೆ, ಸರದಿ ಸಾಲು ಏನೂ ಇಲ್ಲ. ಬ್ಯಾಲೆಟ್ ಅಂಚೆಯಲ್ಲಿ ಮನೆಗೆ ಬರುತ್ತದೆ, ವಾಪಸ್ ಕಳಿಸಲು ಸ್ಟ್ಯಾಂಪ್ ಕೂಡ ಬೇಡ. ಇಷ್ಟು ಸುಲಭ ಇದ್ದರೂ ಯಾಕೆ ಹಾಕುವುದಿಲ್ಲ? ಆಸಕ್ತಿ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅಧ್ಯಕ್ಷರ ಚುನಾವಣೆಯಲ್ಲಿ ಎರಡು ಹೆಸರು ಎಲ್ಲರಿಗೂ ಗೊತ್ತು. ಬೆಸ ವರ್ಷದಲ್ಲಿ ಇಪ್ಪತ್ತು ಹೆಸರು ಇರುತ್ತವೆ, ಒಂದೂ ಗೊತ್ತಿರುವುದಿಲ್ಲ. ಜೊತೆಗೆ ಎರಡು ಸಲ ಓದಿದರೂ ಅರ್ಥವಾಗದ ಮೆಷರ್‌ಗಳು, ಅಂದರೆ ಮತದಾರರೇ ಒಪ್ಪಬೇಕಾದ ಅಥವಾ ತಳ್ಳಬೇಕಾದ ಪ್ರಸ್ತಾವಗಳು. ಒಬ್ಬರೇ ಕೂತು ಓದುವುದು ಬೇಸರದ ಕೆಲಸ. ನಾಳೆ ನೋಡೋಣ ಎಂದು ಇಡುತ್ತಾರೆ, ಆ ನಾಳೆ ಬರುವುದೇ ಇಲ್ಲ.

2021ರಲ್ಲಿ ಮೊದಲು ಮಾಡಿದ್ದು ದೊಡ್ಡ ಪಿಡಿಎಫ್. ಅಭ್ಯರ್ಥಿಗಳ, ಮೆಷರ್‌ಗಳ ವಿವರ ಇರುವ ಸರ್ಕಾರಿ ಪುಸ್ತಿಕೆ ವೋಟರ್ಸ್ ಪ್ಯಾಂಫ್ಲೆಟ್ ಆಗ ಚೀನೀ, ಕೊರಿಯನ್, ಸ್ಪ್ಯಾನಿಷ್, ವಿಯೆಟ್ನಾಮೀಸ್ ಭಾಷೆಗಳಲ್ಲಿ ಸಿಗುತ್ತಿತ್ತು, ಕನ್ನಡದಲ್ಲಿ ಇರಲಿಲ್ಲ. ಹಾಗಾಗಿ ಇಡೀ ಬ್ಯಾಲೆಟ್ ಅನ್ನು ಕನ್ನಡದಲ್ಲಿ ವಿವರಿಸಿ ಹತ್ತು ಹದಿನೈದು ಪುಟ ಮಾಡಿದೆ. ಎಲ್ಲರೂ ಕೈ ಮುಗಿಯುವ ಇಮೋಜಿ ಹಾಕಿದರು. ಓದಿದವರು ಮೂರ್ನಾಲ್ಕು ಮಂದಿ. ಆ ವರ್ಷ ದೀಪಾವಳಿ ಚುನಾವಣೆ ಆದ ಎರಡೇ ದಿನಕ್ಕೆ ಬಂತು. ಮನೆಮನೆಯಲ್ಲೂ ಚಕ್ಕುಲಿ, ಶಾಪಿಂಗ್. ಬ್ಯಾಲೆಟ್ ಅಡುಗೆ ಮನೆ ಕೌಂಟರ್ ಮೇಲೆ ಕೂಪನ್‌ಗಳ ಅಡಿಯಲ್ಲಿ ಉಳಿಯಿತು.

2023ರಲ್ಲಿ ಹಣ ಹಾಕಿದೆ. ಬಣ್ಣದ ಕಾರ್ಡ್ ಪ್ರಿಂಟ್ ಮಾಡಿಸಲು ಸುಮಾರು 200 ಡಾಲರ್. ಸಭೆಗೆ ಊಟ ತರಿಸಲು ಹೆಚ್ಚುಕಡಿಮೆ 300 ಡಾಲರ್. ಕಾರ್ಡ್‌ಗಳು ರೀಸೈಕಲ್ ಡಬ್ಬಿ ಸೇರಿದವು. ಊಟಕ್ಕೆ ಜನ ಬಂದರು, ಆದರೆ ಬ್ಯಾಲೆಟ್ ತರಲಿಲ್ಲ. ಕೇಳಿ, ತಲೆಯಾಡಿಸಿ, ಪಾಯಸ ತಿಂದು ಮನೆಗೆ ಹೋದರು. ಸಂಘದ ಕಡೆಯಿಂದ ಮಾಡಿಸೋಣ ಎಂದರೆ ಸಮಿತಿ ಬೇಡ ಎಂದಿತು. ಅವರದು ತೆರಿಗೆ ವಿನಾಯಿತಿ ಇರುವ ಸಂಸ್ಥೆ, ಯಾವ ಅಭ್ಯರ್ಥಿಯ ಪರವೂ ನಿಲ್ಲುವಂತಿಲ್ಲ. ಪಕ್ಷ ಹಿಡಿಯದೆ ಮಾಹಿತಿ ಕೊಡುವುದಕ್ಕೆ ಅಡ್ಡಿಯಿಲ್ಲ ಎಂದು ಹೇಳಿದರೂ ಹಿರಿಯರು ಕೇಳಲಿಲ್ಲ. "ಈ ರಾಜಕೀಯ ನಮಗ್ಯಾಕಪ್ಪಾ" ಎಂದರು. ಹಾಗಾಗಿ ಎಲ್ಲವೂ ಮನೆಯಲ್ಲೇ, ಸ್ವಂತ ಖರ್ಚಿನಲ್ಲಿ ನಡೆಯಿತು. ಅಷ್ಟೆಲ್ಲ ಆಗಿ ಆ ವರ್ಷ ಅರ್ಧದ ಹತ್ತಿರ ಬಂದೆವು.

2025ರಲ್ಲಿ ಒಂದೇ ನಿಯಮ ಇಟ್ಟೆ. ಬ್ಯಾಲೆಟ್ ಮತ್ತು ಕಪ್ಪು ಪೆನ್ನು ತಂದವರಿಗೆ ಮಾತ್ರ ಬಿಸಿಬೇಳೆಬಾತ್. ಐದಾರು ಮನೆಗೊಂದು ಟೇಬಲ್, ಬೇರೆ ಬೇರೆ ಮನೆಗಳಲ್ಲಿ. ಪ್ರತಿ ಮನೆಗೂ ಎರಡು ವಾರ ಮೊದಲೇ ಒಂದೊಂದು ಸ್ಥಾನ ಅಥವಾ ಮೆಷರ್ ಹಂಚಿದೆ. ಅವರು ಓದಿಕೊಂಡು ಬಂದು ಕನ್ನಡದಲ್ಲಿ ಐದು ನಿಮಿಷ ಹೇಳಬೇಕು, ಪರ ಮತ್ತು ವಿರೋಧ ಎರಡನ್ನೂ. ಯಾರಿಗೆ ಹಾಕಿ ಎಂದು ಹೇಳುವ ಹಾಗಿಲ್ಲ. ದೀಪಾವಳಿ ಈ ಸಲ ಅಕ್ಟೋಬರ್ 20ರ ಹೊತ್ತಿಗೇ ಮುಗಿದಿತ್ತು, ಬ್ಯಾಲೆಟ್ ಆಗಲೇ ಕೈಗೆ ಬಂದಿತ್ತು. ಮುಂದಿನ ಶನಿವಾರ, ಭಾನುವಾರ ಕೂತೆವು. ಎಲ್ಲರೂ ಮನೆಯಿಂದ ಒಂದೊಂದು ಪಾತ್ರೆ ತಂದರು. ನನ್ನ ಖರ್ಚು 50-60 ಡಾಲರ್ ಆಗಿರಬೇಕು, ಕಾಫಿ ಪುಡಿ, ಹಾಲು, ಪೆನ್ನು ಎಲ್ಲ ಸೇರಿ.

ಬ್ಯಾಲೆಟ್ ಅನ್ನು ಮೇಲಿನಿಂದ ಓದಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ನಾವು ಕೆಳಗಿನಿಂದ ಶುರು ಮಾಡಿದೆವು. ಕರ್ಕ್‌ಲ್ಯಾಂಡ್‌ನ ಎವರ್‌ಗ್ರೀನ್ ಆಸ್ಪತ್ರೆಯಲ್ಲಿ ನಮ್ಮ ಗುಂಪಿನ ಎಷ್ಟೋ ಮಕ್ಕಳು ಹುಟ್ಟಿವೆ. ಆ ಆಸ್ಪತ್ರೆಯ ಆಡಳಿತ ಮಂಡಳಿಗೆ ಕಮಿಷನರ್‌ಗಳನ್ನು ಆರಿಸುವುದು ಮತದಾರರು ಎಂದಾಗ ಅರ್ಧ ಟೇಬಲ್ ತಲೆ ಎತ್ತಿತು. ಪೋರ್ಟ್ ಆಫ್ ಸಿಯಾಟಲ್ ಕಮಿಷನರ್‌ಗಳೂ ಹಾಗೆಯೇ. ಐದು ಮಂದಿ, ಬೆಸ ವರ್ಷಗಳಲ್ಲೇ ಆಯ್ಕೆ. ಸೀ-ಟ್ಯಾಕ್ ವಿಮಾನ ನಿಲ್ದಾಣ ಅವರ ಕೈಯಲ್ಲಿದೆ. "ಅಮ್ಮ ವೀಲ್‌ಚೇರ್‌ಗೆ ಕಾಯೋ ಜಾಗ ನಡೆಸೋರು ಇವರೇನಾ?" ಎಂದು ಒಬ್ಬರು ಕೇಳಿದರು. ಹೌದು, ಇವರೇ. ಆಮೇಲೆ ಸ್ಕೂಲ್ ಬೋರ್ಡ್. ಅದಕ್ಕೆ ಯಾರನ್ನೂ ಹುರಿದುಂಬಿಸಬೇಕಾಗಲಿಲ್ಲ.

ಮೆಷರ್‌ಗಳಿಗೆ ನಾನು ಹಿಡಿದ ದಾರಿ ದುಡ್ಡಿನ ಲೆಕ್ಕ. ಆಂಬುಲೆನ್ಸ್, ತುರ್ತು ಚಿಕಿತ್ಸೆಯ ಮೆಡಿಕ್ ಒನ್ ಲೆವಿಯನ್ನು (ಆಸ್ತಿ ತೆರಿಗೆಯನ್ನು) ಮುಂದುವರಿಸಬೇಕೇ ಎಂದು ಕೌಂಟಿ ಕೇಳಿತ್ತು. ದರ ಮನೆಯ ಬೆಲೆಯ ಪ್ರತಿ 1,000 ಡಾಲರ್‌ಗೆ 25 ಸೆಂಟ್. ಹಾಗೆ ಹೇಳಿದರೆ ಯಾರಿಗೂ ತಟ್ಟುವುದಿಲ್ಲ. 12 ಲಕ್ಷ ಡಾಲರ್ ಮನೆಗೆ ವರ್ಷಕ್ಕೆ 300 ಡಾಲರ್ ಎಂದರೆ ತಟ್ಟುತ್ತದೆ. ಎದೆ ನೋವು ಬಂದಾಗ ಮನೆಗೆ ಬರುವ ಪ್ಯಾರಾಮೆಡಿಕ್‌ಗೆ ಹೋಗುವ ಹಣ ಇದು ಎಂದೂ ಸೇರಿಸಬೇಕು. ಆಮೇಲೆ ಅವರವರ ತೀರ್ಮಾನ. ನಾನಂತೂ ಹೌದು ಎಂದೇ ಗುರುತು ಹಾಕಿದೆ. ಅದು ಭಾರಿ ಬಹುಮತದಿಂದ ಗೆದ್ದಿತು.

ರಾಜ್ಯದ ಮೆಷರ್ ಎಸ್‌ಜೆಆರ್ 8201 ಇನ್ನೂ ಚೆನ್ನಾಗಿ ನಡೆಯಿತು. ದೀರ್ಘಕಾಲದ ಆರೈಕೆಗೆ ರಾಜ್ಯ ನಡೆಸುವ ವಿಮೆಯಾದ ಡಬ್ಲ್ಯೂಎ ಕೇರ್ಸ್ ನಿಧಿಯ ಹಣವನ್ನು ಷೇರುಗಳಲ್ಲೂ ತೊಡಗಿಸಲು ರಾಜ್ಯದ ಸಂವಿಧಾನ ತಿದ್ದಬೇಕೇ ಎಂಬ ಪ್ರಶ್ನೆ ಅದು. "ಎಲ್ಲರೂ ಫೋನ್ ತೆಗೀರಿ, ಪೇ ಸ್ಲಿಪ್ ತೋರಿಸಿ" ಎಂದೆ. ಸಂಬಳದ ಶೇಕಡಾ 0.58 ಕಡಿತ ಅಲ್ಲೇ ಕಾಣುತ್ತದೆ, ಇದಕ್ಕೆ ಮೇಲ್ಮಿತಿ ಇಲ್ಲ. ಒಂದೂವರೆ ಲಕ್ಷ ಡಾಲರ್ ಸಂಬಳಕ್ಕೆ ವರ್ಷಕ್ಕೆ 870 ಡಾಲರ್. ವಾಪಸ್ ಸಿಗುವ ಸೌಲಭ್ಯ ಶುರುವಿನ ಲೆಕ್ಕದಲ್ಲಿ ಜೀವಮಾನಕ್ಕೆ 36,500 ಡಾಲರ್. ಇಂಥದೇ ಪ್ರಶ್ನೆ 2020ರಲ್ಲಿ ಸೋತಿತ್ತು. ಷೇರು ಬೇಕೋ ಬೇಡವೋ ಎಂದು ಅರ್ಧ ಗಂಟೆ ವಾದ ನಡೆಯಿತು. ಬೆಳಿಗ್ಗೆಯಿಂದ ಬಾಯಿ ಬಿಡದಿದ್ದ ಭಾವ ಒಬ್ಬರು ಬಾಂಡ್ ಬಡ್ಡಿ, ಹಣದುಬ್ಬರ ಎಲ್ಲ ಬಿಡಿಸಿ ಹೇಳಿದರು. ಈ ಸಲ ಅದು ಗೆದ್ದಿತು.

ರೆಫರೆಂಡಮ್, ಅಂದರೆ ಶಾಸಕಾಂಗ ಒಪ್ಪಿದ ಕಾನೂನಿನ ಮೇಲೆ ಜನಮತ, ಇದ್ದ ವರ್ಷ ಹುಷಾರಾಗಿರಿ. 2019ರ ರೆಫರೆಂಡಮ್ 88ರಲ್ಲಿ 'ಅಪ್ರೂವ್' ಅಂದರೆ ಶಾಸಕಾಂಗ ಒಪ್ಪಿದ ಕಾನೂನು ಉಳಿಯಲಿ ಎಂದರ್ಥ. ತುಂಬ ಮಂದಿ ಅದನ್ನು ವಿರೋಧಿಸುವ ಅರ್ಜಿಗೆ ಬೆಂಬಲ ಎಂದುಕೊಂಡಿದ್ದರು. ಆ ಕಾನೂನು ಸೋತದ್ದು ಶೇಕಡಾ 1ರ ಆಸುಪಾಸಿನ ಅಂತರದಲ್ಲಿ. ಅದೇ ಬ್ಯಾಲೆಟ್‌ನಲ್ಲಿ ಕಾನೂನಿನ ಮೇಲೆ ಯಾವ ಪರಿಣಾಮವೂ ಇಲ್ಲದ 12 ಸಲಹಾ ಮತಗಳೂ ಇದ್ದವು. ಅವನ್ನು 2023ರಲ್ಲಿ ಶಾಸಕಾಂಗ ತೆಗೆದುಹಾಕಿದ್ದು ಒಳ್ಳೆಯದೇ ಆಯಿತು.

ಇನ್ನು ಸಹಿ. ಇದು ಯಾರಿಗೂ ಹೊಳೆಯದ ತೊಂದರೆ. ಲಕೋಟೆ ಮೇಲಿನ ಸಹಿ ಕೌಂಟಿಯ ದಾಖಲೆಗೆ ಹೊಂದಬೇಕು. ನಮ್ಮ ಅಪ್ಪ ಅಮ್ಮಂದಿರಲ್ಲಿ ಹಲವರು ಲೈಸೆನ್ಸ್‌ಗೆ ಇಂಗ್ಲಿಷ್‌ನಲ್ಲಿ ಸಹಿ ಮಾಡಿದ್ದಾರೆ, ಲಕೋಟೆ ಮೇಲೆ ಅಭ್ಯಾಸಬಲದಿಂದ ಕನ್ನಡದಲ್ಲಿ ಮಾಡುತ್ತಾರೆ. 2023ರಲ್ಲಿ ಹೀಗೆ ಎರಡು ಮೂರು ಬ್ಯಾಲೆಟ್ ಎಣಿಕೆಯಾಗದೆ ಉಳಿದವು. ಕೌಂಟಿ ಪತ್ರ ಕಳಿಸುತ್ತದೆ, ಫಲಿತಾಂಶ ಅಧಿಕೃತ ಆಗುವ ಮೊದಲು ಸರಿಪಡಿಸಲು ಅವಕಾಶವೂ ಇದೆ. ಆದರೆ ಆ ಪತ್ರವೂ ಕೂಪನ್ ಜೊತೆ ಸೇರಿಬಿಡುತ್ತದೆ. ಈ ಸಲ ಲೈಸೆನ್ಸ್ ಎದುರಿಗಿಟ್ಟುಕೊಂಡೇ ಸಹಿ ಹಾಕಿಸಿದೆ. ಆಮೇಲೆ ಆನ್‌ಲೈನ್ ಟ್ರ್ಯಾಕರ್‌ನಲ್ಲಿ ಎಲ್ಲರ ಬ್ಯಾಲೆಟ್ ಸ್ಥಿತಿಯನ್ನು ಮಕ್ಕಳೇ ನೋಡಿ ಹೇಳಿದರು.

ಗ್ರೀನ್ ಕಾರ್ಡ್, ಎಚ್-1ಬಿ ಇರುವವರು ಟೇಬಲ್‌ಗೆ ಬರಬಹುದು, ವಾದವನ್ನೂ ಮಾಡಬಹುದು. ಹೆಸರು ನೋಂದಾಯಿಸುವ ಫಾರಂ ಮಾತ್ರ ಅವರ ಹತ್ತಿರ ಸುಳಿಯಬಾರದು. ಅದರಿಂದ ವೀಸಾಕ್ಕೇ ಕುತ್ತು ಬರಬಹುದು. ಈ ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು.

ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆ. ಹೈಸ್ಕೂಲ್ ಮಕ್ಕಳಿಗೆ ಪಬ್ಲಿಕ್ ಡಿಸ್‌ಕ್ಲೋಷರ್ ಕಮಿಷನ್‌ನ ಜಾಲತಾಣ ತೋರಿಸಿ, ಯಾವ ಅಭ್ಯರ್ಥಿಗೆ ಯಾರು ದುಡ್ಡು ಕೊಟ್ಟಿದ್ದಾರೆ ಎಂದು ಹುಡುಕಿಸಿದೆ. ಅಭ್ಯರ್ಥಿ ಬರೆದುಕೊಂಡ ನಾಲ್ಕು ಪ್ಯಾರಾಕ್ಕಿಂತ ಆ ಪಟ್ಟಿ ಜಾಸ್ತಿ ಹೇಳುತ್ತದೆ. ಆ ಪಟ್ಟಿಯಲ್ಲಿ ನಾನು ಮೊದಲು ನೋಡುವ ಮೂರು ಸಾಲು ಯಾವುವು ಎಂದು ಇಲ್ಲಿ ಬರೆಯುವುದಿಲ್ಲ. ಯಾವ ಮನೆಗೆ ಯಾವ ವಿಷಯ ಹಂಚಬೇಕು ಎಂಬುದೂ ನನ್ನ ಹತ್ತಿರವೇ ಇರಲಿ. ಟೇಬಲ್ ಗೆಲ್ಲುವುದೂ ಸೋಲುವುದೂ ಆ ಹಂಚಿಕೆಯಲ್ಲಿ.

"ಒಂದು ವೋಟಿನಿಂದ ಏನಾಗುತ್ತೆ" ಎಂದವರಿಗೆ 2017ರ ವರ್ಜೀನಿಯಾದ ಕಥೆ ಹೇಳಿ. ಅದೂ ಬೆಸ ವರ್ಷ. ರಾಜ್ಯದ ಕೆಳಮನೆಯ 94ನೇ ಕ್ಷೇತ್ರದಲ್ಲಿ ಇಬ್ಬರಿಗೂ 11,608 ಮತ. ಕೊನೆಗೆ ಬಟ್ಟಲಿನಿಂದ ಚೀಟಿ ಎತ್ತಿದರು. ಕೆಳಮನೆಯಲ್ಲಿ ಯಾರಿಗೆ ಬಹುಮತ ಎಂಬುದು ಆ ಚೀಟಿಯ ಮೇಲೆ ನಿಂತಿತ್ತು. ನಮ್ಮ ಪಕ್ಕದ ಸಿಯಾಟಲ್‌ನಲ್ಲೇ 2025ರ ಮೇಯರ್ ಚುನಾವಣೆಯ ಮೊದಲ ರಾತ್ರಿ ಹಿಂದಿದ್ದ ಕೇಟಿ ವಿಲ್ಸನ್, ಕೊನೆಯಲ್ಲಿ ಸುಮಾರು 2,000 ಮತಗಳಿಂದ ಗೆದ್ದರು.

ಕೌಂಟಿಯ ಸ್ಥಾನಗಳು ಇನ್ನು ಮುಂದೆ ಸಮ ವರ್ಷಕ್ಕೆ ಹೋಗುತ್ತಿವೆ. 2022ರಲ್ಲಿ ಮತದಾರರೇ ಹಾಗೆ ತೀರ್ಮಾನಿಸಿದರು. ನಗರ, ಶಾಲೆ, ಪೋರ್ಟ್, ಆಸ್ಪತ್ರೆ ಬೆಸ ವರ್ಷದಲ್ಲೇ ಉಳಿಯುತ್ತವೆ. ಫೆಬ್ರವರಿಯ ವಿಶೇಷ ಚುನಾವಣೆಗಳಲ್ಲಿ ಶಾಲೆಗಳ ಲೆವಿ, ಬಾಂಡ್ (ಸಾಲ) ಬರುತ್ತವೆ. ಲೆವಿಗೆ ಅರ್ಧಕ್ಕಿಂತ ಹೆಚ್ಚು ಸಾಕು. ಬಾಂಡ್‌ಗೆ ಶೇಕಡಾ 60 ಬೇಕು, ಜೊತೆಗೆ ಹಿಂದಿನ ಸಾರ್ವತ್ರಿಕ ಚುನಾವಣೆಯ ಮತದಾನದ ಶೇಕಡಾ 40ರಷ್ಟಾದರೂ ಮತ ಬೀಳಬೇಕು. ಟೇಬಲ್ ಹಾಕುವವರು ಈಗಲೇ ಮನೆ ಬದಲಿಸಿದವರ ವಿಳಾಸ ಸರಿಪಡಿಸಿಸಿ. ಬ್ಯಾಲೆಟ್ ಹಳೆಯ ಮನೆಗೆ ಹೋದರೆ ಬಿಸಿಬೇಳೆಬಾತ್ ಮಾಡಿಯೂ ಉಪಯೋಗ ಇಲ್ಲ.