ಹಿಂಗಾರಿಗೆ ಮುಂಚೆ ಪಿಕಪ್‌ಗೆ ಟೈರ್: ಬಟನ್ ನೋಡಿ ಮರುಳಾಗ್ಬೇಡಿ, ಪಕ್ಕದ ನಂಬರ್ ಓದಿ

ಕೋಲಾರದ ಕಡೆ ಹಿಂಗಾರು ಹಿಡ್ಕೊಂಡ್ರೆ ತೋಟದ ದಾರಿ ಕೆಂಪು ಕೆಸರಾಗುತ್ತೆ, ಲೋಡ್ ಆದ ಪಿಕಪ್‌ನ ಹಿಂದಿನ ಚಕ್ರ ನಿಂತಲ್ಲೇ ಸುತ್ತುತ್ತೆ, ಅಷ್ಟೊತ್ತಿಗೆ ಎಪಿಎಂಸಿಲಿ ಟೊಮ್ಯಾಟೊ ಹರಾಜು ಮುಗ್ದಿರುತ್ತೆ. 2021ರ ನವೆಂಬರ್ ಮಳೆ ನೋಡಿದೋರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಅದಕ್ಕೇ ಮಳೆಗೆ, ಚಳಿಗಾಲಕ್ಕೆ ಮುಂಚೆ ಆಲ್ ಟೆರೇನ್ ಟೈರ್, ಅಂದ್ರೆ ಟಾರಿಗೂ ಕೆಸರಿಗೂ ಆಗೋ ಟೈರ್, ಹಾಕಿಸ್ಬೇಕು ಅನ್ನೋ ಯೋಚ್ನೆ ಸರಿಯಾಗೇ ಇದೆ. ಆದ್ರೆ ಅಂಗಡಿಗೆ ಹೋಗಿ ಕೇಳೋದು ಏನು? "ಅಣ್ಣಾ, ದಪ್ಪ ಬಟನ್ ಇರೋದು ಕೊಡಣ್ಣಾ, ರೇಟ್ ಕಮ್ಮಿ ಇರ್ಲಿ." ಬಟನ್ ಅಂದ್ರೆ ಟೈರ್ ಮೇಲಿನ ರಬ್ಬರ್ ಉಬ್ಬುಗಳು. ಅಂಗಡಿಯೋರೂ ಕೇಳಿದ್ದನ್ನೇ ಕೊಡ್ತಾರೆ, ಬೇಸಿಗೆ ಬರೋದ್ರೊಳಗೆ ಟೈರಿನ ಪಕ್ಕ ಉಬ್ಕೊಂಡು ದುಡ್ಡು ನೀರಲ್ಲಿ ಹೋಮ.

ಮೊದ್ಲು ನಿಮಗೆ ಬೇಕಾ ನೋಡ್ಕೊಳ್ಳಿ. ನರಸಾಪುರ ಫ್ಯಾಕ್ಟರಿ ಮಾಲು ತುಂಬ್ಕೊಂಡು ಹೈವೇಲೇ ಓಡೋ ಗಾಡಿಗೆ ಆಲ್ ಟೆರೇನ್ ದಂಡ, ಸೌಂಡ್ ಜಾಸ್ತಿ, ಡೀಸೆಲ್ಲೂ ಸ್ವಲ್ಪ ಜಾಸ್ತಿ. ತೋಟಕ್ಕೆ ಇಳಿದು, ಕೆರೆ ಏರಿ ಹತ್ತಿ, ಆಮೇಲೆ ಟಾರ್ ರಸ್ತೇಲಿ ಮಾರ್ಕೆಟ್ ಸೇರೋ ಗಾಡಿಗೆ ಬೇಕು. ಮಡ್ ಟೆರೇನ್ ಅಂತ ಇನ್ನೊಂದು ಬರುತ್ತಲ್ಲ, ಜೀಪ್ ಶೋಕಿ ಹುಡುಗ್ರು ಹಾಕಿಸ್ತಾರಲ್ಲ, ಅದು ಬೇಡ್ವೇ ಬೇಡ, ಒದ್ದೆ ಟಾರಲ್ಲಿ ಬ್ರೇಕ್ ಸರಿಯಾಗಿ ಹಿಡಿಯಲ್ಲ.

ಈಗಿರೋ ಟೈರ್ ಬದ್ಲಾಯಿಸ್ಬೇಕಾ ಅನ್ನೋದಕ್ಕೆ ಟೈರಿನ ಅಂಚಲ್ಲಿ ಸಣ್ಣ ತ್ರಿಕೋನ ಗುರುತು ಹುಡುಕಿ, ಅದರ ನೇರಕ್ಕೆ ಬಟನ್ ಸಂದಿಯ ಒಳಗೆ ಒಂದು ರಬ್ಬರ್ ದಿಂಡು ಇರುತ್ತೆ. ಬಟನ್ ಸವೆದು ದಿಂಡಿನ ಮಟ್ಟಕ್ಕೆ ಬಂದ್ರೆ 1.6 ಮಿ.ಮೀ. ಉಳ್ದಿದೆ ಅಂತ, ಕಾನೂನಿನ ಕೊನೇ ಗೆರೆ ಅದೇ. ಕೆಸರಿಗೆ ಅಲ್ಲೀವರೆಗೂ ಕಾಯೋದು ಹುಚ್ಚುತನ, 4 ಮಿ.ಮೀ. ಉಳಿದಿದ್ದಾಗ್ಲೇ ಹಿಂದಿನ ಜೋಡಿ ಬದ್ಲಾಯ್ಸಿ ಅಂತೀನಿ.

ಈಗ ಎಲ್ರೂ ಎಡವೋ ಜಾಗ. 215/75 ಆರ್15 ಅಂತ ಟೈರ್ ಮೇಲೆ ಬರೆದಿರುತ್ತೆ, 215 ಅಗಲ ಮಿ.ಮೀ. ಲೆಕ್ಕದಲ್ಲಿ, 75 ಅನ್ನೋದು ಅಗಲಕ್ಕೆ ಪಕ್ಕದ ಎತ್ತರ ನೂರಕ್ಕೆ ಎಷ್ಟು ಅಂತ, ಆರ್ ಅಂದ್ರೆ ರೇಡಿಯಲ್, 15 ರಿಮ್ಮಿನ ಇಂಚು. ಸೈಜ್ ಮ್ಯಾಚ್ ಆಯ್ತು ಅಂತ ಅಲ್ಲಿಗೇ ನಿಲ್ಲಿಸ್ಬಿಡ್ತಾರೆ. ಇದೇ ಸೈಜು ಮನೆಮಂದಿ ಓಡಾಡೋ ಜೀಪಿಗೂ ಬರುತ್ತೆ, ಮಾಲು ಹೊರೋ ಪಿಕಪ್ಪಿಗೂ ಬರುತ್ತೆ. ರಿಮ್ಮಿಗೆ ಎರಡೂ ಕೂರುತ್ತೆ, ನೋಡೋಕೂ ಒಂದೇ ಥರ, ಹೊರೋ ತೂಕ ಮಾತ್ರ ಬೇರೆ. ಅದು ಗೊತ್ತಾಗೋದು ಸೈಜಿನ ಪಕ್ಕದಲ್ಲಿರೋ ಇನ್ನೊಂದು ನಂಬರಿಂದ, ಲೋಡ್ ಇಂಡೆಕ್ಸ್ ಅಂತಾರೆ. 100 ಅಂತಿದ್ರೆ ಒಂದು ಟೈರ್ 800 ಕೆ.ಜಿ. ಹೊರುತ್ತೆ, 104ಕ್ಕೆ 900, 108ಕ್ಕೆ 1,000, 112ಕ್ಕೆ 1,120. 106/103 ಅಂತ ಎರಡೆರಡು ಇದ್ರೆ ಮೊದಲನೇದೇ ನಿಮ್ದು, ಎರಡನೇದು ಹಿಂದೆ ಜೋಡಿ ಚಕ್ರ ಇರೋ ಗಾಡಿಗೆ.

ಲೆಕ್ಕ ಹಾಕಿ ನೋಡಿ. ಟೊಮ್ಯಾಟೊ ಬಾಕ್ಸ್ 15 ಕೆ.ಜಿ., ನೂರು ಬಾಕ್ಸಿಗೆ 1,500, ಕ್ರೇಟಿನ ತೂಕ ಬೇರೆ. 1.7 ಟನ್ ಮಾಲು ಹೊರೋ ಗಾಡಿಗೆ ಕ್ರೇಟ್ ತೂಕ ಬಿಟ್ರೂ 113 ಬಾಕ್ಸಿಗೇ ಮುಗೀತು, ನಮ್ಮೋರು ರೇಟ್ ಇರೋ ದಿನ 150 ಪೇರಿಸಿ ಹಗ್ಗ ಬಿಗೀತಾರೆ, ಅದು 2,250 ಕೆ.ಜಿ. ಸರಿ, ಅಷ್ಟು ದೂರ ಹೋಗೋದು ಬೇಡ, ಗಾಡಿ ಮಾಲು ಎಲ್ಲಾ ಸೇರಿ 3,000 ಕೆ.ಜಿ. ಅಂತ್ಲೇ ಇಟ್ಕೊಳ್ಳಿ. ಮಾಲು ಹಿಂದೆ ಇರೋದ್ರಿಂದ ಹೆಚ್ಚೂಕಮ್ಮಿ ಮೂರರಲ್ಲಿ ಎರಡು ಪಾಲು ಹಿಂದಿನ ಆಕ್ಸಲ್ ಮೇಲೆ, ಅಂದ್ರೆ ಹಿಂದಿನ ಒಂದೊಂದು ಟೈರಿಗೆ 1,000. ಅಲ್ಲಿ 100 ನಂಬರಿನ ಜೀಪ್ ಟೈರ್ ಹಾಕಿದ್ರೆ ಖಾಲಿ ಓಡ್ವಾಗ ಏನೂ ಗೊತ್ತಾಗಲ್ಲ, ಲೋಡಲ್ಲಿ ಒಂದು ಗುಂಡಿಗೆ ಇಳಿದಾಗ ಒಳಗಿನ ದಾರ ಕಿತ್ಕೊಳ್ಳುತ್ತೆ. ನನ್ ಕೇಳಿದ್ರೆ ಇಂಥ ಗಾಡಿಗೆ 112 ತಗೊಳ್ಳಿ. ಆ ಸೈಜಲ್ಲಿ ಸಿಗ್ಲಿಲ್ವಾ, ಕಂಪನಿಯಿಂದ ಬಂದಾಗ ಯಾವ ನಂಬರ್ ಇತ್ತೋ ಅದಕ್ಕಿಂತ ಕೆಳಗೆ ಇಳೀಬೇಡಿ, ಬಾಕ್ಸ್ ಕಮ್ಮಿ ಮಾಡಿ.

8 ಪಿಆರ್, 10 ಪಿಆರ್ ಅಂತಲೂ ಬರೆದಿರುತ್ತೆ, ಪಿಆರ್ ಅಂದ್ರೆ ಪ್ಲೈ ರೇಟಿಂಗ್. ಒಳಗೆ ಅಷ್ಟು ಪದರ ಇದೆ ಅಂತಲ್ಲ, ಅಷ್ಟು ಗಟ್ಟಿ ಅಂತ ಅಷ್ಟೇ. ಟೊಮ್ಯಾಟೊ ತೋಟದಲ್ಲಿ ಮುರಿದುಳಿದ ಕಡ್ಡಿ ಪಕ್ಕಕ್ಕೆ ಚುಚ್ಚಿದ್ರೆ ಪಂಕ್ಚರ್ ಅಂಗಡಿಯೋರೂ ಕೈ ಎತ್ತುತಾರೆ, ಹಂಗಾಗಿ ಪಿಆರ್ ಜಾಸ್ತಿ ಇದ್ರೆ ಒಳ್ಳೇದೇ.

ಹೆಸರಲ್ಲಿ ಎಟಿ ಅಂತಿದ್ರೆ ಆಲ್ ಟೆರೇನ್ ಅಂತ. ಅಪೊಲೊ ಆಪ್ಟೆರಾ ಎಟಿ2, ಸಿಯಟ್ ಕ್ರಾಸ್‌ಡ್ರೈವ್ ಎಟಿ, ಯೊಕೊಹಾಮಾ ಜಿಯೊಲ್ಯಾಂಡರ್ ಎಟಿ ಇವೆಲ್ಲಾ ಒಳ್ಳೇ ಟೈರ್‌ಗಳೇ, ಆದ್ರೆ ಮುಖ್ಯವಾಗಿ ಎಸ್‌ಯುವಿಗಳ ಮಾಲು, ನಂಬರ್ ನೋಡ್ದೆ ಪಿಕಪ್ಪಿಗೆ ಹಾಕ್ಬೇಡಿ. ಕಮ್ಮಿ ಬಜೆಟ್ ಇರೋರು ಪಿಕಪ್ ಟೈರ್‌ಗಳಲ್ಲೇ ಸೆಮಿ ಲಗ್ ಪ್ಯಾಟರ್ನ್, ಅಂದ್ರೆ ನಡುವೆ ಗೆರೆ, ಅಂಚಲ್ಲಿ ದಪ್ಪ ಬಟನ್ ಇರೋದು, ಕೇಳಿ. ನೋಡೋಕೆ ಅಷ್ಟೇನೂ ಸ್ಟೈಲ್ ಇಲ್ಲ, ಕೆಲಸ ಮಾಡುತ್ತೆ. ನಾಲ್ಕೂ ಬೇಕಾಗಿಲ್ಲ, ಎರಡು ತಗೊಂಡು ಹಿಂದಕ್ಕೆ ಹಾಕಿಸಿ, ಓಡಿಸೋ ಚಕ್ರ ಅದೇ ತಾನೆ. ಒಂದು ಆಕ್ಸಲ್‌ಗೆ ಎರಡೂ ಒಂದೇ ಕಂಪನಿ, ಒಂದೇ ಪ್ಯಾಟರ್ನ್ ಇರ್ಲಿ.

ಬೆಟ್ಟದ ಚಿತ್ರದೊಳಗೆ ಹಿಮದ ಹರಳಿನ ಗುರುತಿದ್ರೆ "ಇದು ಚಳಿಗಾಲಕ್ಕೆ ಸ್ಪೆಷಲ್" ಅಂತ ರೇಟ್ ಏರಿಸ್ತಾರೆ. ಅದು ಹಿಮ ಬೀಳೋ ದೇಶಕ್ಕೆ ಸ್ವಾಮಿ. ಡಿಸೆಂಬರ್ ಬೆಳಗಿನ ಜಾವ ಅಂತರಗಂಗೆ ಬೆಟ್ಟ ಮಂಜಲ್ಲಿ ಕಾಣ್ದೇ ಇದ್ರೂ ನಮಗೆ ಅದಕ್ಕೆ ದುಡ್ಡು ಕೊಡೋ ಗತಿ ಬಂದಿಲ್ಲ.

ತಾರೀಖು ನೋಡಿ. ನಾಲ್ಕು ಅಂಕಿ ಇರುತ್ತೆ, 3524 ಅಂದ್ರೆ 2024ರ 35ನೇ ವಾರ ತಯಾರಾಗಿದ್ದು. ಎಷ್ಟೋ ಟೈರಲ್ಲಿ ಒಂದೇ ಪಕ್ಕಕ್ಕೆ ಇರುತ್ತೆ, ಗೋಡೆಗೆ ಒರಗಿಸಿದ್ದನ್ನ ತಿರುಗಿಸಿ ನೋಡಿ. ಒಂದು ವರ್ಷ ದಾಟಿದ್ರೆ ಡಿಸ್ಕೌಂಟ್ ಕೇಳಿ, ಮೂರು ವರ್ಷ ದಾಟಿದ್ರೆ ಫ್ರೀ ಕೊಟ್ರೂ ಬಿಟ್ಬನ್ನಿ. ಸೆಕೆಂಡ್ ಹ್ಯಾಂಡ್ ಟೈರಂತೂ, ಸವೆದ ಟೈರಿಗೆ ಹೊಸದಾಗಿ ಕಟಿಂಗ್ ಹೊಡೆದು ಕಪ್ಪು ಪಾಲಿಶ್ ಬಳಿದು ಮಿಂಚಿಸಿ ಮಾರೋದುಂಟು. ಬಟನ್ ಸಂದಿ ಬೆರಳಲ್ಲಿ ಅಗಲಿಸಿ ನೋಡಿ, ಬಿರುಕು ಕಂಡ್ರೆ, ಇಲ್ಲಾ ತಳದಲ್ಲಿ ದಾರ ಕಂಡ್ರೆ ಮಾತೇ ಬೇಡ. ರೀಸೋಲ್ ಟೈರ್, ಅಂದ್ರೆ ಸವೆದಿದ್ದರ ಮೇಲೆ ಹೊಸ ರಬ್ಬರ್ ಅಂಟಿಸಿದ್ದು, ಲಾರಿ ಹಿಂದಕ್ಕೆ ನಡೆಯುತ್ತೆ, ಪಿಕಪ್ಪಿಗೆ ನಾನು ಹೇಳಲ್ಲ.

ರೇಟ್ ಮಾತಾಡ್ವಾಗ ಒಂದು ನೆನಪಿರ್ಲಿ, 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರ್ ಮೇಲಿನ ಜಿಎಸ್‌ಟಿ 28 ಪರ್ಸೆಂಟಿಂದ 18ಕ್ಕೆ ಇಳ್ದಿದೆ, ಹಳೇ ರೇಟ್ ಚೀಟಿ ತೋರಿಸಿದ್ರೆ ಒಪ್ಕೋಬೇಡಿ. ಹಳೇ ಟೈರಿಗೆ ಎಷ್ಟು ಕಳೀತಾರೆ ಅಂತ ಮೊದ್ಲೇ ಕೇಳಿ. ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ತೀನಿ ಅಂತಾರೆ, ಬಿಲ್ ಇಲ್ದೆ ವಾರಂಟಿ ಕೇಳೋಕೆ ಯಾವ ಮುಖ ಇಟ್ಕೊಂಡು ಹೋಗ್ತೀರಿ? ಟೈರಿನ ಸೀರಿಯಲ್ ನಂಬರ್ ಸಮೇತ ಬರೆಸ್ಕೊಳ್ಳಿ.

ಫಿಟ್ಟಿಂಗ್ ಸುಲಭ: ಟ್ಯೂಬ್‌ಲೆಸ್ ಆದ್ರೆ ವಾಲ್ವ್ ಹೊಸದು, ಟ್ಯೂಬ್ ಟೈರಾದ್ರೆ ಟ್ಯೂಬೂ ಹೊಸದು, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್. ಗಾಳಿ ಮಾತ್ರ ಅಂದಾಜಲ್ಲಿ ಹೊಡೆಸ್ಬೇಡಿ, ಗಾಡಿ ಬುಕ್ಕಲ್ಲಿ ಲೋಡಿಗೆ ಎಷ್ಟು ಅಂತ ಇದೆಯೋ ಅಷ್ಟಿದ್ರೇನೇ ಆ ಲೋಡ್ ಇಂಡೆಕ್ಸ್ ಲೆಕ್ಕ ನಡೆಯೋದು. ಕೆಸರಲ್ಲಿ ಸಿಕ್ಕಾಕೊಂಡಾಗ ಸ್ವಲ್ಪ ಗಾಳಿ ಬಿಟ್ಟು ಹೊರಗೆ ತೆಗೆಯೋ ಉಪಾಯ ಸರಿ, ಆದ್ರೆ ಅದೇ ಕಮ್ಮಿ ಗಾಳೀಲಿ ಲೋಡ್ ಹೊತ್ಕೊಂಡು ಮಾರ್ಕೆಟ್‌ವರೆಗೂ ಹೋದ್ರೆ ಟೈರ್ ಕಾದು ಸಿಡಿಯುತ್ತೆ, ಗಾಡೀಲೊಂದು ಪಂಪ್ ಇಟ್ಕೊಳ್ಳಿ. ನೂರು ಕಿಲೋಮೀಟರ್ ಓಡೋದ್ರೊಳಗೆ ವೀಲ್ ನಟ್ ಇನ್ನೊಂದ್ಸಲ ಟೈಟ್ ಮಾಡಿಸಿ, ಹಂಗೇ ಸ್ಟೆಪ್ನಿಗೂ ಗಾಳಿ ನೋಡ್ಸಿ.